ಮಾವನ ಗಿಂಡಿಯೂ ನನ್ನ ಕ್ಯೂರಿಯೋ ಹುಚ್ಚೂ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ಇನ್ನು ಮುಂದೆ ಕೋಟೆ, ಗುಡಿ, ಸಂಗಮ ಎಲ್ಲ ನೋಡಿ ಮುಗಿಸಿದ ಮೇಲೆ ನಮ್ಮ ಮನೆಯ ಹಜಾರವನ್ನೂ ನೋಡಿಕೊಂಡೇ ಹೋಗತಕ್ಕದ್ದು! ಇಂಥದೊಂದು ಭೀಷಣ ಪ್ರತಿಜ್ಞೆಯನ್ನು ನಾನು ಸಂಕ್ರಾಂತಿಯ ಮಾರನೆಯ ದಿನ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಕೈಗೊಂಡೆ.

ಕಾರಣ ಇಷ್ಟೇ. ಹಿಂದಿನ ದಿನ ಹೊಳೆ ದಡದ ಹತ್ತಿರದ ಒಂದು ಅಂಗಡಿಯಲ್ಲಿ ವಿದೇಶಿ ಹೆಂಗಸೊಬ್ಬಳು ತುಕ್ಕು ಹಿಡಿದ ಬೀಗವೊಂದನ್ನು ಕೊಂಡು, ಹಸುಗೂಸಿನಂತೆ ಎದೆಗವಚಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೆ. ಆ ಬೀಗಕ್ಕೆ ಕೀಲಿಕೈ ಕೂಡ ಇರಲಿಲ್ಲ! ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಕ್ಯೂರಿಯೋ' ಎಂದು ಬರೆದಿತ್ತು. ಅಂಥ ಬೀಗದ ಮುತ್ತಾತ ನಾಗಮಂಗಲದ ನಮ್ಮ ಹಳೇ ಮನೆಯ ಹಿತ್ತಿಲಲ್ಲಿ ಬಿದ್ದಿದೆ. ಅಂದಮೇಲೆ ಈ ರವೀಂದ್ರ ಯಾರಿಗೆ ಕಡಿಮೆ?

"ಕ್ಯೂರಿಯೋ ಅಂದ್ರೆ ಏನ್ರೀ?" ಎಂದಳು ರಂಜಿತ. ನನ್ನ ಹೆಂಡತಿ. ಅರಕೆರೆಯ ಕಬ್ಬಿನ ಗದ್ದೆಗಳ ನಡುವೆ ಬೆಳೆದವಳು. ಯಾವುದನ್ನೂ ಒಂದು ಸಲ ಬಗ್ಗಿಸಿ ನೋಡದೆ ಒಪ್ಪುವವಳಲ್ಲ.

"ಹಳೆಯದು, ಅಪರೂಪದ್ದು, ಸ್ವಲ್ಪ ವಿಚಿತ್ರವಾದದ್ದು," ಎಂದೆ ಪ್ರೊಫೆಸರನ ಗತ್ತಿನಲ್ಲಿ. "ಬಳಸೋದಕ್ಕಲ್ಲ. ಒರೆಸಿ ಇಟ್ಟುಕೊಂಡು ನೋಡೋದಕ್ಕೆ, ಬಂದವರಿಗೆ ತೋರಿಸೋದಕ್ಕೆ."

"ಗುಜರಿ ಅಂತೀವಲ್ಲ, ಅದಾ?"

"ಛೇ! ಗುಜರಿಯನ್ನ ತಕ್ಕಡಿಗೆ ಹಾಕ್ತಾರೆ. ಕ್ಯೂರಿಯೋನ ಷೋಕೇಸಿಗೆ ಇಡ್ತಾರೆ."

"ಸಾಮಾನು ಒಂದೇ, ಜಾಗ ಬೇರೆ. ತಿಳೀತು ಬಿಡಿ," ಎಂದು ಒಳಗೆ ಹೋದಳು.

ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ! ಅವತ್ತಿನಿಂದ ಆ ಪದ ನಮ್ಮ ಮನೆಯಲ್ಲಿ ಉಪ್ಪು, ಮೆಣಸಿನಪುಡಿಯಷ್ಟೇ ಬಳಕೆಗೆ ಬಂತು. ಮೊನ್ನೆಯ ಹುಳಿ ಫ್ರಿಜ್ಜಿನಿಂದ ಈಚೆ ಬಂದರೆ, "ಬನ್ನಿ, ಕ್ಯೂರಿಯೋ ಬಿಸಿ ಮಾಡಿದ್ದೀನಿ" ಎನ್ನುವಳು. ಮದುವೆಯ ಹೊಸತರಲ್ಲಿ ಕೊಂಡ ಮಿಕ್ಸಿ ಗೊರಗೊರ ಎಂದರೆ, "ಇದನ್ನೂ ಷೋಕೇಸಿಗೆ ಸೇರಿಸ್ಕೊಳ್ಳಿ" ಎನ್ನುವಳು. ಭಾನುವಾರ ನಾನು ಸೋಫಾದ ಮೇಲೆ ಪೇಪರು ಹಿಡಿದು ಕೂತಿದ್ದಾಗ ಪೊರಕೆ ಹಿಡಿದು ಬಂದು, "ಈ ಕ್ಯೂರಿಯೋ ಒಂಚೂರು ಕಾಲೆತ್ತಿದ್ರೆ ಕೆಳಗೆ ಗುಡಿಸ್ಬಹುದಿತ್ತು" ಎಂದಳು. ನಾನು ಕಾಲೆತ್ತಿದೆ. ಮಹಾಪುರುಷರು ಇಂಥದ್ದಕ್ಕೆಲ್ಲ ಸೊಪ್ಪು ಹಾಕಬಾರದು.

ಷೋಕೇಸು ಬಂತು. ಮುತ್ತಾತ ಬೀಗ ಬಂತು. ಪಾವು, ಸೇರು, ಅಡಕೆ ಕತ್ತರಿ, ಎತ್ತಿನ ಕೊರಳ ಗಂಟೆ ಬಂದವು. ಪ್ರತಿ ಭಾನುವಾರ ಸ್ಕೂಟರು ಹತ್ತಿ ಹಳ್ಳಿ ಹಳ್ಳಿ ಸುತ್ತಿ, ಅವರಿವರ ಅಟ್ಟ ಕೆದಕಿ, ತಲೆಗೆ ಜೇಡರಬಲೆ ಕಟ್ಟಿಕೊಂಡು ಬರುತ್ತಿದ್ದೆ. ಆದರೆ ಆ ಗಾಜಿನ ಹಿಂದೆ ನಡುಮಧ್ಯದಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿ ಕೂರುವ ಮಹಾರಾಜನಿಗಾಗಿ ನಾನು ಹುಡುಕುತ್ತಲೇ ಇದ್ದೆ.

ಅವನು ಸಿಕ್ಕಿದ್ದು ಯುಗಾದಿಗೆ ಅರಕೆರೆಗೆ ಹೋದಾಗ, ಮಾವನ ಮನೆಯ ಅಟ್ಟದ ಮೂಲೆಯಲ್ಲಿ. ಮಸಿ ಹಿಡಿದ ಒಂದು ಕಂಚಿನ ಗಿಂಡಿ. ಮೊಳಕೈಯಷ್ಟು ಎತ್ತರ, ಸಣ್ಣ ಕತ್ತು, ಪಕ್ಕದಲ್ಲಿ ಹಕ್ಕಿಯ ಕೊಕ್ಕಿನ ಹಾಗೆ ಬಾಗಿದ ಮೂತಿ. ಹುಣಸೆಹಣ್ಣು ಹಾಕಿ ಒಂದು ಕಡೆ ಉಜ್ಜಿದೆ ನೋಡಿ, ಚಿನ್ನ ಚಿನ್ನ!

"ಅತ್ತೆ, ಇದನ್ನ ನಾನು ತಗೊಂಡು ಹೋಗ್ಲಾ?"

ಅತ್ತೆ ಚಲುವಮ್ಮನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಹಬ್ಬದ ದಿನ ಮನೆಗೆ ಬಂದ ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಆಕೆ ಗಂಡನ ಕಡೆ ನೋಡಿದರು. ರಂಜಿತ ಮಾತ್ರ ನನ್ನ ತೋಳು ಜಗ್ಗಿ, "ರೀ, ಅದು ಬೇಡ, ಮೇಲಿಟ್ಬಿಡಿ. ಹಿರೀಕರ ಗಿಂಡಿ ಅದು" ಎಂದಳು.

"ಹಿರೀಕರದ್ದು ಅಂತಾನೇ ಬೇಕಾಗಿರೋದು! ಬೇಡ ಯಾಕೆ, ಹೇಳು?"

"ಹಬ್ಬದ ದಿನ ಅದನ್ನೆಲ್ಲ ಬಾಯಲ್ಲಿ ಆಡ್ಬಾರ್ದು."

ತವರಿನ ಸಾಮಾನಿನ ಮೇಲೆ ಹೆಣ್ಣುಮಕ್ಕಳಿಗೆ ಎಷ್ಟು ಮೋಹ ಎಂದು ನಾನು ಒಳಗೊಳಗೇ ನಕ್ಕೆ.

ಮಾವ ಮರಿಸ್ವಾಮಿ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಆಗಲೇ ಕೆಮ್ಮು ಹಿಡಿದು, ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ಗದ್ದೆ ತೋಟ ಎಲ್ಲ ಮಗ ನಿಂಗರಾಜು ನೋಡಿಕೊಳ್ಳುತ್ತಿದ್ದ. ಮಾವ ನನ್ನನ್ನೂ ಗಿಂಡಿಯನ್ನೂ ಒಂದೊಂದು ಸಲ ನೋಡಿ, "ಅದೇನೋ ಕ್ಯೂರಿಯೋ ಅಂತೀರಂತಲ್ಲ ಅಳಿಯಂದ್ರೇ, ಅಂಗಂದ್ರೇನು?" ಎಂದು ಕೇಳಿದರು.

ನಾನು ನನ್ನ ವ್ಯಾಖ್ಯಾನವನ್ನು ಇನ್ನೊಮ್ಮೆ ಒದರಿದೆ. ಒರೆಸಿ ಇಟ್ಟುಕೊಳ್ಳುವುದು, ಬಂದವರಿಗೆ ತೋರಿಸುವುದು, ಕೆಲಸಕ್ಕೆ ಮಾತ್ರ ಬಳಸದೆ ಇರುವುದು.

ನಿಂಗರಾಜು ಬೆಳಿಗ್ಗೆ ಗದ್ದೆಯಲ್ಲಿ ಯುಗಾದಿಯ ಮೊದಲ ಉಳುಮೆ ಮುಗಿಸಿ ಆಗತಾನೆ ಕಾಲು ತೊಳೆಯುತ್ತಿದ್ದ. "ಅಂಗಾರೆ ಅಳಿಯ ಅನ್ನಿ ಬಾವ!" ಎಂದ. ಅತ್ತೆ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಉಳುಮೆ ಹೊತ್ತಿನಲ್ಲಿ ನಾನು ಬದುವಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತು ಸೆಲ್ಫಿ ತೆಗೆದುಕೊಂಡಿದ್ದೆ ಎನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮಾವ ನಗಲಿಲ್ಲ. "ತಗಂಡೋಗಿ ಅಳಿಯಂದ್ರೇ. ಆದ್ರೆ ಬೇಕಾದಾಗ ತಂದ್ಕೊಡ್ಬೇಕು," ಎಂದರು.

"ಧಾರಾಳವಾಗಿ ಮಾವ! ಯಾವಾಗ ಬೇಕಾಗುತ್ತೆ?"

"ಬೇಕಾದಾಗ ಯೇಳಿ ಕಳಿಸ್ತೀನಿ ಬುಡಿ."

ಗಿಂಡಿ ಷೋಕೇಸಿನ ಸಿಂಹಾಸನ ಏರಿತು. ಒಂದೆರಡು ತಿಂಗಳು ಅದನ್ನು ನೋಡಿ ನೋಡಿ ಆನಂದಪಟ್ಟೆ. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು. ಇಷ್ಟು ಚೆಂದದ ಗಿಂಡಿ ಸುಮ್ಮನೆ ಕೂರುವುದೇ? ತಳಕ್ಕೊಂದು ತೂತು, ಒಳಗೊಂದು ವೈರು, ಮೇಲೊಂದು ಬಲ್ಬು, ಅದಕ್ಕೊಂದು ಟೋಪಿ. ಭೂಮಂಡಲದಲ್ಲೇ ಇಂಥ ಟೇಬಲ್ ಲ್ಯಾಂಪ್ ಇನ್ನೊಂದಿರಕೂಡದು!

ತಡೆಯಬೇಕಾದವಳು ಮನೆಯಲ್ಲಿರಲಿಲ್ಲ. ಮಾವನ ಕೆಮ್ಮು ಜೋರಾಗಿ ರಂಜಿತ ಅರಕೆರೆಗೆ ಹೋಗಿದ್ದಳು. "ಅಪ್ಪ ನಿಮ್ಮನ್ನ ಕೇಳ್ತಾ ಇರ್ತಾರೆ, ಭಾನುವಾರ ಬಂದು ಹೋಗಿ" ಎಂದು ವಾರ ವಾರವೂ ಫೋನು ಮಾಡುತ್ತಿದ್ದಳು. ನಾನು ಒಂದೇ ಒಂದು ಸಲ ಹೋಗಿ, ಕಾಫಿ ಆರುವ ಮೊದಲೇ ಎದ್ದು ಬಂದಿದ್ದೆ. ಭಾನುವಾರ ಬಂದರೆ ನನಗೆ ಬೇಟೆ ಇರುತ್ತಿತ್ತಲ್ಲ! ಆ ಭಾನುವಾರವೂ ಅರಕೆರೆಯ ದಾರಿ ಹಿಡಿಯದೆ, ಅದಕ್ಕೆ ತದ್ವಿರುದ್ಧ ದಿಕ್ಕಿನ ಪಾಂಡವಪುರಕ್ಕೆ ಹೋಗಿ, ಒಂದು ಗ್ರಿಲ್ ಅಂಗಡಿಯಲ್ಲಿ ಗಿಂಡಿಯ ತಳಕ್ಕೆ ಡ್ರಿಲ್ ಇಡಿಸಿದೆ. ಕಂಚು ಕಿರ್ರೆಂದು ಕಿರುಚಿತು. ನನ್ನ ಹೆಬ್ಬೆರಳ ತುದಿ ಕೂರುವಷ್ಟು ದೊಡ್ಡ ತೂತು ಬಿತ್ತು.

ಅಷ್ಟಕ್ಕೇ ನಿಂತಿದ್ದರೂ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ. ನಮ್ಮ ಕಚೇರಿಯ ಮಹದೇವಸ್ವಾಮಿ ಸಾಹೇಬರು ಕೃಷ್ಣರಾಜಪೇಟೆಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಎಲ್ಲರೂ ಗೋಡೆ ಗಡಿಯಾರ ತಂದಿದ್ದರು. ನಾನು ಲ್ಯಾಂಪ್ ಒಯ್ದೆ! "ಇದು ಯಾವುದೋ ದಳವಾಯಿಯ ಅರಮನೆಯಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಗಿಂಡಿ ಸಾರ್" ಎಂದು ಅಲ್ಲೇ ಒಂದು ಚರಿತ್ರೆ ಹೊಸೆದೆ. ಸಾಹೇಬರ ಹೆಂಡತಿ ಮೇಘನ ಮೇಡಂ ಅದನ್ನು ತಮ್ಮ ದೇವರ ಕೋಣೆಯ ಬಾಗಿಲ ಪಕ್ಕದಲ್ಲೇ ಇಡಿಸಿ ಸ್ವಿಚ್ ಒತ್ತಿದರು. ಮಾವನ ಗಿಂಡಿ ಝಗ್ಗೆಂದು ಬೆಳಗಿತು. ನನ್ನ ಭವಿಷ್ಯವೂ ಬೆಳಗಿದಂತಾಯಿತು.

ಬಟ್ಟೆ ಒಯ್ಯಲು ಒಂದು ದಿನ ಮನೆಗೆ ಬಂದ ರಂಜಿತ ಷೋಕೇಸಿನ ಮುಂದೆ ಗಕ್ಕನೆ ನಿಂತಳು. "ಗಿಂಡಿ ಎಲ್ಲಿ?"

"ಪಾಂಡವಪುರದಲ್ಲಿ. ಪಾಲಿಶ್‌ಗೆ ಕೊಟ್ಟಿದ್ದೀನಿ."

"ಬೇಗ ಇಸ್ಕೊಂಡು ಬನ್ನಿ," ಎಂದಳು. ಇನ್ನೇನೋ ಹೇಳಲು ಹೋಗಿ ನುಂಗಿಕೊಂಡಳು. ಅವಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಕೂತಿತ್ತು. ಆಗಲಾದರೂ ಕೇಳಬೇಕಿತ್ತು ನಾನು. ಕೇಳಲಿಲ್ಲ.

ಒಂದು ಬೆಳಿಗ್ಗೆ, ನಾನು ಎತ್ತಿನ ಗಂಟೆಗೆ ಪಾಲಿಶ್ ಹಚ್ಚುತ್ತಿದ್ದಾಗ, ಫೋನು ಬಂತು.

"ರೀ, ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ಅಪ್ಪಂದು ಇನ್ನು ಇವತ್ತೋ ನಾಳೆಯೋ." ರಂಜಿತ ಅಳುತ್ತಿರಲಿಲ್ಲ. ಅಳುವನ್ನು ಪಕ್ಕಕ್ಕಿಟ್ಟು ಮಾತಾಡುತ್ತಿದ್ದಳು. "ನೀರು ಬಿಡೋಕೆ ಹೋದ್ರೆ ಬಾಯಿ ತೆಗೀತಿಲ್ಲ. ಲೋಟ, ಚಮಚ ಏನು ಇಟ್ರೂ ಮುಖ ತಿರುಗಿಸ್ತಾರೆ. ಗಿಂಡಿ ಗಿಂಡಿ ಅಂತಾರೆ. ನಮ್ಮನೇಲಿ ಹೋಗೋರಿಗೆಲ್ಲ ಬಾಯಿಗೆ ನೀರು ಬಿಡೋದು ಅದರಲ್ಲೇ ಕಣ್ರೀ. ನಮ್ಮಜ್ಜಿಗೆ ಅಪ್ಪನೇ ಅದರಲ್ಲಿ ಬಿಟ್ಟಿದ್ದು. ಪಾಂಡವಪುರಕ್ಕೆ ಹೋಗಿ ಇಸ್ಕೊಂಡು ಸೀದಾ ಬನ್ನಿ."

ನಾಗಮಂಗಲದ ನಮ್ಮ ಮನೆಯಲ್ಲಿ ಅಂಥ ಹೊತ್ತಿಗೆ ಕೈಗೆ ಸಿಕ್ಕ ಲೋಟವೇ ಗತಿ. ನನಗೆ ಇದೆಲ್ಲಿ ಗೊತ್ತಾಗಬೇಕು! ಮಲಗಿದವರ ತುಟಿಗೆ ತಾಗಿಸಲೆಂದೇ ಆ ಮೂತಿ ಹಾಗೆ ಬಾಗಿತ್ತು. ನಾನು ಅದರಿಂದ ಪನ್ನೀರು ಚಿಮುಕಿಸಿದ್ದೆ. "ಬೇಕಾದಾಗ ಯೇಳಿ ಕಳಿಸ್ತೀನಿ" ಎಂದ ಮಾವ ಹೇಳಿ ಕಳಿಸಿದ್ದರು. ಎತ್ತಿನ ಗಂಟೆಯನ್ನು ಅಲ್ಲೇ ಬಿಸಾಕಿ ಸ್ಕೂಟರು ಹತ್ತಿದೆ.

ಸ್ಕೂಟರು ಪಾಂಡವಪುರವನ್ನು ಯಾವಾಗ ದಾಟಿತೋ ತಿಳಿಯಲಿಲ್ಲ. ಕೃಷ್ಣರಾಜಪೇಟೆಯ ಸಾಹೇಬರ ಮನೆಗೆ ಬೆವರು ಸುರಿಸುತ್ತಾ ನುಗ್ಗಿದೆ. ಮೇಘನ ಮೇಡಂ ದೀಪದ ಪಕ್ಕದಲ್ಲೇ ಹೂ ಕಟ್ಟುತ್ತಿದ್ದರು.

"ಮೇಡಂ, ಲ್ಯಾಂಪ್ ಸ್ವಲ್ಪ ಬೇಕಿತ್ತು. ಪಾಲಿಶ್ ಮಾಡಿಸಿ ತಂದುಕೊಡ್ತೀನಿ."

"ಫಳಫಳ ಅಂತಿದೆಯಲ್ಲ ರವೀಂದ್ರ, ಪಾಲಿಶ್ ಯಾಕೆ?"

"ವೈರು ಸ್ವಲ್ಪ ಅಪಾಯ ಮೇಡಂ. ಶಾಕ್ ಹೊಡೆಯಬಹುದು."

ಸಾಹೇಬರು ಪೇಪರಿನಿಂದ ತಲೆ ಎತ್ತಿದರು. "ಶಾಕ್ ಹೊಡೆಯೋದನ್ನ ಉಡುಗೊರೆ ಕೊಟ್ರೇನ್ರೀ?"

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಬೆವರಿನ ಬೆರಳು ಎಲ್ಲಿಗೋ ತಾಗಿ ಸ್ಪೀಕರು ಆನ್ ಆಯಿತು. ನಿಂಗರಾಜುವಿನ ಗಂಟಲು ಹೊಸ ಮನೆಯ ನಾಲ್ಕೂ ಗೋಡೆಗೆ ಬಡಿಯಿತು.

"ಬಾವ, ಗಿಂಡಿ ಸಿಕ್ತಾ? ಬ್ಯಾಗ ಬನ್ನಿ! ನಮ್ಮಪ್ಪ ಬಾಯೇ ಬುಡ್ತಾ ಇಲ್ಲ. ಅಜ್ಜಿ, ದೊಡ್ಡಪ್ಪ ಎಲ್ರೂ ಆ ಗಿಂಡೀಲಿ ನೀರ್ ಕುಡ್ದೇ ಪ್ರಾಣ ಬುಟ್ಟಿದ್ದು. ಇಲ್ದೆ ಓದ್ರೆ ಎಂಗೆ ಬಾವ?"

ಮೇಘನ ಮೇಡಂ ಕೈಯಿಂದ ಹೂವಿನ ಉಂಡೆ ಉರುಳಿ ಹೋಯಿತು. ದೀಪದಿಂದ ದೂರ ಸರಿದರು. ನನ್ನಿಂದಲೂ ದೂರ ಸರಿದರು.

"ಗೃಹಪ್ರವೇಶಕ್ಕೆ ಹೆಣದ ಗಿಂಡಿ ತಂದುಕೊಟ್ರಾ? ದೇವರ ಕೋಣೆ ಪಕ್ಕ ಇಟ್ಟು ದಿನಾ ದೀಪ ಹಚ್ತಿದ್ದೆನಲ್ರೀ ನಾನು! ಮೊದಲು ತಗೊಂಡು ಹೊರಡಿ!"

ನಾನು ಪ್ಲಗ್ಗು ಕಿತ್ತು, ಲ್ಯಾಂಪನ್ನು ಎದೆಗವಚಿಕೊಂಡು ಓಡಿದೆ, ಥೇಟ್ ಆ ಬೀಗ ಕೊಂಡ ಹೆಂಗಸಿನ ಹಾಗೆ! ನಾನು ನಿಂತಿದ್ದ ಜಾಗಕ್ಕೆ ಬಕೆಟ್ಟಿನಲ್ಲಿ ನೀರು ಸುರಿದ ಸದ್ದು ಗೇಟಿನವರೆಗೂ ಕೇಳಿಸಿತು. ಸಾಹೇಬರು ಬಾಗಿಲಲ್ಲಿ ನಿಂತು, "ಸೋಮವಾರ ನನ್ನ ಚೇಂಬರಿಗೆ ಬನ್ನಿ" ಎಂದರು. ನನ್ನ ಬೆಳಗಿದ ಭವಿಷ್ಯ ಅಲ್ಲಿಗೆ ಆರಿತು. ಅದಕ್ಕೆ ದುಃಖಪಡಲು ಪುರಸೊತ್ತಿರಲಿಲ್ಲ.

ದಾರಿಯುದ್ದಕ್ಕೂ ಒಂದೇ ಮಾತು. ಮಾವ, ಇನ್ನೊಂಚೂರು ತಡೀರಿ, ಇನ್ನೊಂಚೂರು. ಸುಮ್ಮನೆ ಕರೆದಾಗ ಒಂದು ಭಾನುವಾರವೂ ಹೋಗದವನು ಈಗ ಕಾಯಿರಿ ಎಂದು ಕೇಳುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ, ಪೈಪಿನ ತೂತು ಮುಚ್ಚುವ ಅಂಟಿನ ಉಂಡೆಯೊಂದನ್ನು ಜೇಬಿಗಿಳಿಸಿದೆ. ಅಷ್ಟು ಬುದ್ಧಿ ಓಡಿತಲ್ಲ ಎಂದು ಆ ಸ್ಥಿತಿಯಲ್ಲೂ ಒಂದು ಗಳಿಗೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ!

ಅರಕೆರೆಯ ಮನೆಯ ಮುಂದೆ ಜನ ನೆರೆದಿದ್ದರು. ಹೆಗಲಲ್ಲಿ ಗಿಂಡಿ, ಗಿಂಡಿಯ ತಲೆಗೆ ಗುಲಾಬಿ ಬಣ್ಣದ ಟೋಪಿ, ಹಿಂದೆ ಬಾಲದಂತೆ ಎಳೆದಾಡುವ ವೈರು. ನಾನು ಅವರ ನಡುವೆ ನಡೆದು ಹೋದೆ. ಮಾವನ ದಾಯಾದಿ ಮಂಚಯ್ಯ ಕಣ್ಣು ಕಿರಿದು ಮಾಡಿಕೊಂಡು, "ಇದೇನು ಅಳಿಯಂದ್ರೇ, ನೀರ್ ಬುಡಕ್ಕೆ ಗಿಂಡಿ ತನ್ನಿ ಅಂದ್ರೆ ಲೈಟ್ ತಂದಿದ್ದೀರಿ?" ಎಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ನಡುಮನೆಯಲ್ಲಿ ಚಾಪೆಯ ಮೇಲೆ ಮಾವ ಇಷ್ಟೇ ಇಷ್ಟಾಗಿ ಮಲಗಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಉಸಿರು ಎಳೆದಾಗಲೆಲ್ಲ ಗಂಟಲು ಗೊರ್ ಎನ್ನುತ್ತಿತ್ತು. ಇನ್ನೂ ಇದ್ದರು. ನಾನು ಟೋಪಿ, ಬಲ್ಬು, ಹೋಲ್ಡರು, ವೈರು ಎಲ್ಲ ಕಿತ್ತು ಎಸೆದೆ. ನಿಂಗರಾಜು ಗಿಂಡಿ ತೊಳೆದು ತಂದು ಚೊಂಬಿನಿಂದ ನೀರು ಹುಯ್ದ. ಅಷ್ಟೂ ನೀರು ತಳದಿಂದ ಸುರ್ರೆಂದು ನನ್ನ ಪಾದದ ಮೇಲೆ ಬಿತ್ತು.

ಅತ್ತೆ ತೂತನ್ನು ನೋಡಿದರು. ನಿಂಗರಾಜು ನೋಡಿದ. ರಂಜಿತ ತೂತನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅಂಥ ನೋಟ ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ.

"ತಂದಿದ್ದೀನಿ, ತಂದಿದ್ದೀನಿ!" ಎಂದು ಜೇಬಿನಿಂದ ಅಂಟು ತೆಗೆದೆ. "ಒಂದು ಗಂಟೇಲಿ ಕಲ್ಲಾಗುತ್ತೆ."

"ಆ ಪೈಪಿನ ಅಂಟು ಕಲೆಸಿದ ನೀರನ್ನ ನಮ್ಮಪ್ಪ ಕುಡಿದು ಹೋಗ್ಬೇಕಾ?" ಎಂದಳು ರಂಜಿತ. ದನಿ ಏರಿರಲಿಲ್ಲ.

"ಒಂದ್ ಗಂಟೆ ಎಲ್ಲೈತೆ ಬಾವ?" ಎಂದ ನಿಂಗರಾಜು. ಗಿಂಡಿಯನ್ನು ನನ್ನ ಮುಂದೆ ಹಿಡಿದ. "ಕುಂತ್ಕಳಿ. ಕೆಳಗಿಂದ ಬೆಟ್ಟು ಇಡಿ."

ಕೂತೆ. ಮಾವನ ತಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಿಂಡಿಯ ತಳಕ್ಕೆ ಹೆಬ್ಬೆರಳು ಒತ್ತಿ ಹಿಡಿದೆ. ತುಳಸಿ ಹಾಕಿದ ನೀರು ತುಂಬಿದರು. ಅತ್ತೆ ಮೊದಲು ಗಿಂಡಿಯ ಕತ್ತು ಹಿಡಿದು ಬಗ್ಗಿಸಿದರು. ಬಗ್ಗಿಸಿದಾಗಲೆಲ್ಲ ನನ್ನ ಕೈಯೂ ಜೊತೆಗೆ ಬಗ್ಗಬೇಕು. ಮೂತಿ ತುಟಿಗೆ ತಾಗಿತು. ಬೆಳಗಿನಿಂದ ಯಾರಿಗೂ ತೆರೆಯದ ಬಾಯಿ ತೆರೆಯಿತು. ಒಂದು ಗುಟುಕು ಒಳಗಿಳಿಯಿತು. ಅತ್ತೆ ಆಗ ಅತ್ತರು.

ಆಮೇಲೆ ನಿಂಗರಾಜು. ಆಮೇಲೆ ರಂಜಿತ. ಆಮೇಲೆ ದಾಯಾದಿಗಳು, ಬೀಗರು, ಬೀದಿಯವರು. ಒಬ್ಬೊಬ್ಬರೂ ಬಂದು ಗಿಂಡಿ ಹಿಡಿದು, ಒಂದು ಹನಿ ಬಿಟ್ಟು, ಕೆಳಗೆ ಅಂಟಿಕೊಂಡಿದ್ದ ನನ್ನನ್ನೂ ಒಂದು ಸಲ ನೋಡಿ ಹೋಗುತ್ತಿದ್ದರು. ಬಂದವರೆಲ್ಲ ನಿಂತು ನೋಡುವ ಮಾಲು ನಾನೇ ಆಗಿದ್ದೆ! ಆದರೆ ಬಳಸುವುದಕ್ಕಲ್ಲ ಎನ್ನುವ ಹಾಗಿರಲಿಲ್ಲ. ಆ ಮನೆಯ ಅಳಿಯನಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದು.

ಮಾವನ ಕೈ ಮೆಲ್ಲಗೆ ಎದ್ದು ಗಿಂಡಿಯನ್ನು ಸವರಿತು. ಹೊಟ್ಟೆ, ಪಕ್ಕ, ತಳ. ಅಲ್ಲಿ ನನ್ನ ಬೆರಳು ಸಿಕ್ಕಿತು.

"ಯಾರ್ದು ಎಬ್ಬೆಟ್ಟು?"

"ನಿಮ್ಮ ಅಳಿಯಂದ್ರದು ಕಣಪ್ಪ," ಎಂದಳು ರಂಜಿತ.

"ತೂತಾ?"

"ಹೌದು ಮಾವ, ನಾನೇ ಮಾಡಿಸಿದ್ದು," ಎಂದೆ.

ಮಾವ ನನ್ನ ಬೆರಳನ್ನು ಬಿಡಲಿಲ್ಲ. "ಅಂತೂ ಬಂದ್ರಲ್ಲ. ಬುಡಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ತಡೆಯಲಾಗಲಿಲ್ಲ. ಕಣ್ಣೀರು ಒರೆಸಿಕೊಳ್ಳೋಣವೆಂದರೆ ಒಂದು ಕೈಯನ್ನು ಮಾವ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಗಿಂಡಿ ಇತ್ತು. ಮೂಗು ಸುರಿಯಿತು. ಒರೆಸುವವರು ಯಾರೂ ಇರಲಿಲ್ಲ.

ಹೊತ್ತು ಇಳಿಯಿತು. ಬೆರಳು ಮರಗಟ್ಟಿ ಕಟ್ಟಿಗೆಯಾಯಿತು. ನೀರು ಸೋರಿಬಿಟ್ಟೀತೆಂದು ನಾನು ಕಣ್ಣು ಕೂಡ ಮಿಟುಕಿಸದೆ ಗಿಂಡಿಯನ್ನೇ ನೋಡುತ್ತಾ ಒತ್ತಿ ಹಿಡಿದಿದ್ದೆ. ಮನೆಯಲ್ಲಿ ಅಳು ಎದ್ದದ್ದೂ ನನ್ನ ತಲೆಗೆ ಹೋಗಲಿಲ್ಲ. ಮಂಚಯ್ಯ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು.

"ಇನ್ನ ತಗೀರಿ ಅಳಿಯಂದ್ರೇ. ಓಯ್ತು."

ಬೆರಳು ತೆಗೆದೆ. ಉಳಿದಿದ್ದ ನೀರೆಲ್ಲ ಚಾಪೆಯ ಮೇಲೆ ಹರಿಯಿತು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ನಾನು ಅತ್ತೆಯ ಮುಂದೆ ಹೋಗಿ ನಿಂತೆ. ಆಕೆ ಜಗುಲಿಯ ಮೇಲೆ ಮಾವ ಕೂರುತ್ತಿದ್ದ ಜಾಗದಲ್ಲಿ ಕೂತು, ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದರು. ಷೋಕೇಸನ್ನು ಗುಜರಿಯವನಿಗೆ ಹಾಕಿ ಬಂದಿದ್ದೇನೆ ಎಂದು ಹೇಳಬೇಕೆಂದುಕೊಂಡಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಅತ್ತೆ, ಗಿಂಡಿ ಕೊಡಿ. ನಾಳೇನೇ ನಾಗಮಂಗಲಕ್ಕೆ ಒಯ್ದು ತಳಕ್ಕೆ ಬೆಸುಗೆ ಹಾಕಿಸ್ತೀನಿ. ತೂತಿತ್ತು ಅನ್ನೋದೇ ಯಾರಿಗೂ ಗೊತ್ತಾಗಬಾರದು, ಹಾಗೆ ಮಾಡಿಸಿ ತರ್ತೀನಿ."

ಅತ್ತೆ ತಲೆ ಎತ್ತಲಿಲ್ಲ. ಗಿಂಡಿಯನ್ನು ತಿರುಗಿಸಿ ತಳದ ತೂತಿನ ಸುತ್ತ ಒಂದು ಸಲ ಬೆರಳಾಡಿಸಿದರು.

"ಬ್ಯಾಡಿ ಅಳಿಯಂದ್ರೇ, ತೂತ ಅಂಗೇ ಇರ್ಲಿ," ಎಂದರು. "ಮುಚ್ಚಿಸ್ಬುಟ್ರೆ ನನ್ನ ಸರದಿಗೆ ನೀವು ಬತ್ತೀರಾ?"